ಎರಡು ಮೊಳದ ದೂರ

ಬೀದರಿನ ಹಳೆಯ ಕಾವಲು ಗೋಪುರವಾದ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾದ ಕಡೆಗೆ ಹೋಗುವ ರಸ್ತೆಯಲ್ಲಿ ನಾನು ಮೇಲಿಂದ ಮೇಲೆ ಹೋಗಿ ಕೂರುವ ಒಂದು ಬಿದ್ರಿ ಅಂಗಡಿ ಇದೆ. ಮುಂದೆ ಹೂಜಿ, ಹೂದಾನಿ, ಹುಕ್ಕಾದ ಬುಡಗಳನ್ನು ಜೋಡಿಸಿಟ್ಟ ಗಾಜಿನ ಕಪಾಟು. ಹಿಂದೆ ನಾಲ್ಕು ಜನ ಕೂತರೆ ತುಂಬಿಹೋಗುವ ಕೋಣೆ. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಅದರಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಅಲ್ಲಿನ ಹಿರಿಯ ಕಸಬುದಾರರೊಬ್ಬರು ಎದುರಿನ ಕಲ್ಲಿನ ಮೇಲೆ ಪಾತ್ರೆಯನ್ನು ಮೇಣದಿಂದ ಕಚ್ಚಿಸಿಕೊಂಡು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ತಂತಿಯ ತುದಿಯನ್ನು ಎಡಗೈಯ ಹೆಬ್ಬೆರಳಿನ ಉಗುರಿನಿಂದ ಅದುಮಿ ಹಿಡಿದಿರುತ್ತಾರೆ. ಆ ಉಗುರಿನ ನಡುವೆ ವರ್ಷಾನುಗಟ್ಟಲೆ ತಂತಿ ಒತ್ತಿ ಒತ್ತಿ ಆದ ಒಂದು ಸಣ್ಣ ತಗ್ಗು ಇದೆ. ಆ ತಗ್ಗಿನ ಚಿತ್ರ ನನಗೆ ಬೇಕಾಗಿತ್ತು. ಎಷ್ಟೋ ಸಲ ಹೋದರೂ ಅದು ಸಿಗಲಿಲ್ಲ, ಏಕೆಂದರೆ ಆಗ ನನ್ನ ಕೈಯಲ್ಲಿದ್ದ ಕ್ಯಾಮೆರಾ ಎಂಬತ್ತು ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿನ ಮೇಲೆ ಫೋಕಸ್ ಆಗುತ್ತಿರಲಿಲ್ಲ.

ಆ ಕ್ಯಾಮೆರಾ ನನ್ನ ಸೋದರಮಾವನದು. ಹುಮನಾಬಾದಿನ ಕಡೆ ಶಾಲಾ ಮಾಸ್ತರರಾಗಿದ್ದ ಅವರು ತಮ್ಮ ಸಂಬಳದ ದುಡ್ಡನ್ನು ಕೂಡಿಸಿ ಕೊಂಡಿದ್ದ ಯಾಷಿಕಾ ಎಲೆಕ್ಟ್ರೋ 35. 1966ರಲ್ಲಿ ಮೊದಲು ಮಾರುಕಟ್ಟೆಗೆ ಬಂದು ಮುಂದೆ ಹಲವು ರೂಪಗಳಲ್ಲಿ ಮಾರಾಟವಾದ ಈ ಕ್ಯಾಮೆರಾಕ್ಕೆ 45 ಮಿ.ಮೀ.ನ, ಎಫ್ 1.7ರ, ಬಿಚ್ಚಲು ಬರದ ಒಂದೇ ಲೆನ್ಸ್. ಅಪರ್ಚರನ್ನು, ಅಂದರೆ ಲೆನ್ಸಿನ ಕಂಡಿಯ ಅಗಲವನ್ನು, ನಾವು ಹೇಳಿದರೆ ಶಟರಿನ ವೇಗವನ್ನು, ಅಂದರೆ ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡಬೇಕೆಂಬುದನ್ನು, ಅದೇ ಆರಿಸಿಕೊಳ್ಳುತ್ತದೆ. ಬೆಳಕು ಕಡಿಮೆಯಾದರೆ ಹಳದಿ ದೀಪ, ಹೆಚ್ಚಾದರೆ ಕೆಂಪು ದೀಪ. ಮಾವ ನನಗೆ ಮೊದಲು ಕಲಿಸಿದ್ದು ಕ್ಯಾಮೆರಾ ಹಿಡಿಯುವುದನ್ನಲ್ಲ, ದೂರ ಅಳೆಯುವುದನ್ನು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಎರಡೂ ತೋಳು ಚಾಚಿದರೆ ಒಂದು ಮಾರು. 'ಎರಡು ಮೊಳದ ಒಳಗ ಹೋಗಬ್ಯಾಡ, ಅದಕ್ಕ ಕಾಣಂಗಿಲ್ಲ' ಎನ್ನುತ್ತಿದ್ದರು. ಎಂಬತ್ತು ಸೆಂಟಿಮೀಟರು ಎಂದರೆ ಎರಡು ಮೊಳಕ್ಕೆ ಸ್ವಲ್ಪ ಕಡಿಮೆ, ಅಷ್ಟೆ. ಆ ದೂರದಲ್ಲಿ ನಿಂತರೆ 45 ಮಿ.ಮೀ. ಲೆನ್ಸಿನೊಳಗೆ ಸುಮಾರು ಅರವತ್ತು ಸೆಂಟಿಮೀಟರು ಅಗಲದ ಜಾಗ ಬರುತ್ತದೆ. ಕಸಬುದಾರರ ಮಡಿಲು, ಕಲ್ಲು, ಪಾತ್ರೆ, ಎರಡು ಕೈ ಎಲ್ಲವೂ ಬರುತ್ತವೆ. ಉಗುರಿನ ತಗ್ಗು ಬರುವುದಿಲ್ಲ.

ಮಾವನ ಯಾಷಿಕಾ ರೇಂಜ್‌ಫೈಂಡರ್ ಎಂಬ ಬಗೆಯ ಕ್ಯಾಮೆರಾ. ಆ ಹೆಸರಿನಲ್ಲೇ ಅದರ ಕೆಲಸ ಅಡಗಿದೆ: ಅದು ದೂರವನ್ನು ಅಳೆಯುವ ಉಪಕರಣ. ಕ್ಯಾಮೆರಾದ ಮುಖದ ಮೇಲೆ ಎರಡು ಕಿಟಕಿಗಳಿರುತ್ತವೆ. ಒಂದರ ಮೂಲಕ ನಾವು ಎದುರಿನ ದೃಶ್ಯವನ್ನು ನೇರವಾಗಿ ನೋಡುತ್ತೇವೆ. ಇನ್ನೊಂದರಿಂದ ಬಂದ ಅದೇ ದೃಶ್ಯದ ಒಂದು ತುಣುಕು, ಒಳಗಿನ ಕನ್ನಡಿ ಅಥವಾ ಪ್ರಿಸಮ್ಮಿನ ಮೂಲಕ ಹಾಯ್ದು, ಮೊದಲನೆಯದರ ನಡುಭಾಗದಲ್ಲಿ ಮಸುಕಾದ ಚುಕ್ಕೆಯಂತೆ ಕೂರುತ್ತದೆ. ಲೆನ್ಸನ್ನು ತಿರುಗಿಸಿದಂತೆ ಆ ತುಣುಕು ಎಡಕ್ಕೆ ಬಲಕ್ಕೆ ಸರಿಯುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತಾಗ ಫೋಕಸ್ ಕೂತಿದೆ ಎಂದರ್ಥ. ಲೈಕಾದ ಎಂ ಸಾಲಿನ ಕ್ಯಾಮೆರಾಗಳಲ್ಲಿ ಈ ಎರಡು ಕಿಟಕಿಗಳ ನಡುವಿನ ಅಂತರ ಸುಮಾರು 69 ಮಿ.ಮೀ.; ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ತುಸುವೇ ಹೆಚ್ಚು. ನಮ್ಮ ಎರಡು ಕಣ್ಣುಗಳು ಸೇರಿ ಹತ್ತಿರ ದೂರವನ್ನು ತಿಳಿಯುವ ತ್ರಿಕೋನದ ಲೆಕ್ಕವನ್ನೇ ಆ ಲೋಹದ ಪೆಟ್ಟಿಗೆಯೂ ಮಾಡುತ್ತದೆ ಎಂಬುದು ತಿಳಿದ ದಿನ ನನಗೆ ಆ ಯಂತ್ರದ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಬಿದ್ರಿಯ ಎದುರಿಗೆ ಮಾತ್ರ ಅದು ಸೋಲುತ್ತಿತ್ತು. ಎರಡು ತುಣುಕುಗಳನ್ನು ಹೊಂದಿಸಲು ಒಂದು ಗೆರೆ, ಒಂದು ಅಂಚು ಬೇಕು. ಸತು ಮತ್ತು ತಾಮ್ರ ಬೆರೆತ ಬರಿಯ ಕಪ್ಪು ಮೈಯ ಮೇಲೆ ಅಂಥ ಅಂಚೇ ಇರುವುದಿಲ್ಲ. ಬೆಳ್ಳಿಯ ಬಳ್ಳಿಯ ಮೇಲೆ ಹೊಂದಿಸೋಣವೆಂದರೆ ಅಲ್ಲಿ ಒಂದೇ ಹೂವು ಸಾಲಾಗಿ ಇಪ್ಪತ್ತು ಸಲ ಮರುಕಳಿಸಿರುತ್ತದೆ. ಒಂದು ಹೂವಿನ ಮೇಲೆ ಅದರ ಪಕ್ಕದ ಹೂವಿನ ಬಿಂಬ ಬಂದು ಕೂತರೂ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೀಗೆ ಮೋಸಹೋಗಿ ನಾನು ಒಂದಿಡೀ ರೋಲು, ಮೂವತ್ತಾರು ಚಿತ್ರಗಳನ್ನು, ಕಳೆದುಕೊಂಡಿದ್ದೇನೆ. ಬೆಳಕಿನ ಅಳತೆಯ ತೊಂದರೆ ಇನ್ನೊಂದು ಬಗೆಯದು. ಕಪ್ಪು ವಸ್ತುವನ್ನು ಕಂಡ ಯಾಷಿಕಾದ ಮೀಟರು ಕೋಣೆಯಲ್ಲಿ ಬೆಳಕು ಕಡಿಮೆ ಇದೆ ಎಂದುಕೊಂಡು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆಗ ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ಗೆರೆ ಕರಗಿ ಬಿಳಿ ಮಚ್ಚೆಯಾಗುತ್ತದೆ. ಅದಕ್ಕೆ ಶಟರಿನ ವೇಗವನ್ನು ನಾವೇ ಹೇಳುವ ದಾರಿ ಇರಲಿಲ್ಲ. ಮಾವ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಒಳಗಿರುವುದು 100ರ ಫಿಲ್ಮ್ ಆದರೂ ಫಿಲ್ಮ್ ಬೆಳಕಿಗೆ ಎಷ್ಟು ಚುರುಕೆಂದು ಕ್ಯಾಮೆರಾಕ್ಕೆ ಹೇಳುವ ಎಎಸ್‌ಎ ಚಕ್ರವನ್ನು 200ಕ್ಕೆ ತಿರುಗಿಸಿಡುವುದು. ಆಗ ಕ್ಯಾಮೆರಾ ಅರ್ಧದಷ್ಟೇ ಬೆಳಕನ್ನು ಒಳಗೆ ಬಿಡುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಆ ಕ್ಯಾಮೆರಾ ನನ್ನ ಕೈಬಿಟ್ಟ ಬಗೆಯನ್ನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಬ್ಯಾಟರಿ ತಯಾರಾಗುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಬೇರೆ ಸಣ್ಣ ಬ್ಯಾಟರಿಗಳನ್ನು ಒಂದು ಕೊಳವೆಯೊಳಗೆ ಜೋಡಿಸಿ ಹೇಗೋ ನಡೆಸುತ್ತಿದ್ದೆ. ಬೀದರಿನ ಸ್ಟುಡಿಯೋಗಳು ಫಿಲ್ಮ್ ತೊಳೆಯುವುದನ್ನು ನಿಲ್ಲಿಸಿದ ಮೇಲೆ ರೋಲುಗಳನ್ನು ಹೈದರಾಬಾದಿಗೆ ಕಳಿಸಬೇಕಾಗುತ್ತಿತ್ತು. ಕಡೆಗೆ ಒಮ್ಮೆ ಬಸ್ಸಿನಲ್ಲಿ ಚೀಲ ಬಿದ್ದು ಫೋಕಸಿನ ಎರಡು ಬಿಂಬಗಳು ಹೊಂದದಂತಾದವು. ಹೈದರಾಬಾದಿನ ಒಂದು ರಿಪೇರಿ ಅಂಗಡಿಯವರು ಅದನ್ನು ನಾಲ್ಕು ತಿಂಗಳು ಇಟ್ಟುಕೊಂಡು ಮರಳಿ ಕೊಟ್ಟಾಗ, ಬಿಂಬಗಳು ಅಡ್ಡಡ್ಡಲಾಗಿ ಹೊಂದುತ್ತಿದ್ದವು, ಆದರೆ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು. ಮಾವ ಆಗ ಇರಲಿಲ್ಲ. ಅವರ ಕೈಯ ಬೆವರಿನಿಂದ ಅಲ್ಲಲ್ಲಿ ಬಣ್ಣ ಹೋದ ಆ ಕ್ಯಾಮೆರಾ ಈಗ ನನ್ನ ಕಪಾಟಿನಲ್ಲಿದೆ.

ಇದರ ಬದಲು ಏನು ಎಂಬ ಪ್ರಶ್ನೆಗೆ ನೇರವಾದ ಉತ್ತರ ಡಿಜಿಟಲ್ ರೇಂಜ್‌ಫೈಂಡರ್. 2004ರಲ್ಲಿ ಎಪ್ಸನ್ ಕಂಪನಿ ಹೊರತಂದ ಆರ್‌ಡಿ-1 ಅವುಗಳಲ್ಲಿ ಮೊದಲನೆಯದು; ಅದರಲ್ಲಿ ಫಿಲ್ಮ್ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಶಟರನ್ನು ಹೆಬ್ಬೆರಳಿನಿಂದ ಎಳೆದು ಸಜ್ಜುಗೊಳಿಸಬೇಕಿತ್ತು. 2006ರಲ್ಲಿ ಲೈಕಾ ಎಂ8 ಬಂತು, 2009ರಲ್ಲಿ ಫಿಲ್ಮಿನ ಜಾಗದಲ್ಲಿ ಬಿಂಬ ಹಿಡಿಯುವ ಸೆನ್ಸರು ಪೂರ್ಣ 35 ಮಿ.ಮೀ. ಅಳತೆಗಿದ್ದ ಎಂ9. ಅಲ್ಲಿಂದ ಇಲ್ಲಿಯವರೆಗೆ ಈ ದಾರಿಯಲ್ಲಿ ನಡೆದದ್ದು ಬಹುಮಟ್ಟಿಗೆ ಲೈಕಾ ಒಂದೇ. 1954ರ ಎಂ3ಯ ಕಾಲದ ಲೆನ್ಸುಗಳು ಇಂದಿನ ಎಂ11ರ ಮೇಲೂ ಕೂರುತ್ತವೆ ಎಂಬುದು ಸಣ್ಣ ಸಂಗತಿಯಲ್ಲ, ಅದಕ್ಕೆ ನನ್ನ ಗೌರವವಿದೆ. ಆದರೆ ಲೆನ್ಸ್ ಇಲ್ಲದೆ ಬರಿಯ ಕ್ಯಾಮೆರಾಕ್ಕೇ ಹಲವು ಲಕ್ಷ ರೂಪಾಯಿ. ಅಷ್ಟು ಬೆಲೆಯ ವಸ್ತುವನ್ನು ಕೊರಳಿಗೆ ಹಾಕಿಕೊಂಡು ಆ ಕೋಣೆಯ ಚಾಪೆಯ ಮೇಲೆ ಕೂತರೆ ನನಗೆ ಕೆಲಸದ ಮೇಲಿಗಿಂತ ಕೊರಳ ಮೇಲೆಯೇ ಧ್ಯಾನವಿರುತ್ತದೆ ಎಂದು ನನಗೆ ಗೊತ್ತು.

ಇನ್ನೊಂದು ದಾರಿ ಮಿರರ್‌ಲೆಸ್, ಅಂದರೆ ಒಳಗೆ ಏಳುವ ಕನ್ನಡಿಯಿಲ್ಲದೆ, ಸೆನ್ಸರಿನ ಮೇಲೆ ಬಿದ್ದ ಬಿಂಬವನ್ನೇ ಕಣ್ಣಿಗೆ ತೋರಿಸುವ ಡಿಜಿಟಲ್ ಕ್ಯಾಮೆರಾಗಳು. ಅವು 2008ರಲ್ಲಿ ಪ್ಯಾನಸಾನಿಕ್ ಜಿ1ರಿಂದ ಆರಂಭವಾದವು. ಲೆನ್ಸ್ ನೋಡುವುದನ್ನೇ ಒಂದು ಕನ್ನಡಿಯಿಂದ ಕಣ್ಣಿಗೆ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾಗಳಂತೆಯೇ ಅದಕ್ಕೂ ಮೇಲೆ ನಡುವೆ ಗೂನು ಇತ್ತು. ಮರುವರ್ಷ ಒಲಿಂಪಸ್ ತಂದ ಪೆನ್ ಇ-ಪಿ1, 2010ರ ಸೋನಿ ನೆಕ್ಸ್ ಕ್ಯಾಮೆರಾಗಳು ಗೂನನ್ನು ತೆಗೆದು ಚಪ್ಪಟೆಯಾದವು. ಫ್ಯೂಜಿಫಿಲ್ಮಿನ ಎಕ್ಸ್100 2011ರಲ್ಲಿ, ಎಕ್ಸ್-ಪ್ರೋ1 2012ರಲ್ಲಿ ಬಂದಾಗ ನನ್ನಂಥವರು ಎದ್ದು ಕೂತೆವು. ಮೂಲೆಯಲ್ಲಿ ಕಣ್ಣಿಟ್ಟು ನೋಡುವ ಕಿಟಕಿಯಾದ ವ್ಯೂಫೈಂಡರ್, ಮೇಲೆ ಶಟರಿನ ಚಕ್ರ, ಲೆನ್ಸಿನ ಸುತ್ತ ಅಪರ್ಚರಿನ ಬಳೆ. ನೋಡಿದರೆ ಮಾವನ ಕ್ಯಾಮೆರಾದ ಮೊಮ್ಮಗನಂತಿತ್ತು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅಂಗಡಿಯವರೂ ಕೊಳ್ಳುವವರೂ ಇದನ್ನು ಬೆರೆಸಿ ಮಾತನಾಡುತ್ತಾರೆ. 'ರೇಂಜ್‌ಫೈಂಡರ್ ಶೈಲಿಯ ಕ್ಯಾಮೆರಾ' ಎಂದು ಮಾರಾಟವಾಗುವ ಇವುಗಳೊಳಗೆ ರೇಂಜ್‌ಫೈಂಡರ್ ಇಲ್ಲ. ದೂರ ಅಳೆಯುವ ಆ ಎರಡು ಕಿಟಕಿಗಳ ಲೆಕ್ಕವೇ ಇವುಗಳಲ್ಲಿಲ್ಲ. ಸೆನ್ಸರಿನ ಮೇಲೆ ಬಿದ್ದ ಬಿಂಬವನ್ನೇ ನೋಡಿ, ಅದು ಚೂಪಾಗಿದೆಯೇ ಇಲ್ಲವೇ ಎಂದು ಇವು ತೀರ್ಮಾನಿಸುತ್ತವೆ. ಮಾವನ ಕ್ಯಾಮೆರಾ ನನ್ನ ಮತ್ತು ಎದುರಿನವರ ನಡುವಿನ ದೂರವನ್ನು ಅಳೆಯುತ್ತಿತ್ತು. ಇದು ಆಗಲಿರುವ ಚಿತ್ರವನ್ನು ಪರೀಕ್ಷಿಸುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಎಲ್ಲ ಲಾಭಗಳೂ ನಷ್ಟಗಳೂ ಹುಟ್ಟುತ್ತವೆ ಎಂಬುದು ನನ್ನ ಅನುಭವ.

ಎಕ್ಸ್100 ಮತ್ತು ಎಕ್ಸ್-ಪ್ರೋ ಸಾಲಿನಲ್ಲಿ ಗಾಜಿನ ವ್ಯೂಫೈಂಡರ್ ಕೂಡ ಇದೆ. ಸನ್ನೆಕೋಲೊಂದನ್ನು ಎಳೆದರೆ ಅದೇ ಕಿಟಕಿಯಲ್ಲಿ ಎಲೆಕ್ಟ್ರಾನಿಕ್ ದೃಶ್ಯ ಬರುತ್ತದೆ. ರೇಂಜ್‌ಫೈಂಡರಿನ ನೋಟಕ್ಕೆ ಹೊಸ ಕ್ಯಾಮೆರಾಗಳಲ್ಲಿ ಅತ್ಯಂತ ಹತ್ತಿರದ್ದು ಅದೇ. ಆದರೂ ನಾನು 2021ರಲ್ಲಿ ಒಬ್ಬರ ಕೈಯಿಂದ ಕೊಂಡದ್ದು ಫ್ಯೂಜಿಯದೇ ಎಕ್ಸ್-ಇ3. 2017ರ ಕ್ಯಾಮೆರಾ, 24 ಮೆಗಾಪಿಕ್ಸೆಲ್, ಪೂರ್ಣ ಅಳತೆಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್, ಬ್ಯಾಟರಿ ಮತ್ತು ಕಾರ್ಡು ಸೇರಿ 337 ಗ್ರಾಂ. ಎಡಮೂಲೆಯಲ್ಲಿ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಮಾತ್ರ ಇದೆ, ಗಾಜಿನದಿಲ್ಲ. ಅದರ ಮೇಲೆ 78 ಗ್ರಾಂ ತೂಕದ, ಬಿಸ್ಕತ್ತಿನಷ್ಟು ದಪ್ಪದ 27 ಮಿ.ಮೀ. ಲೆನ್ಸ್, ಆ ಸೆನ್ಸರಿನ ಮೇಲೆ ಅದು ಹಳೆಯ ಲೆಕ್ಕದ ನಲವತ್ತು ಮಿ.ಮೀ.ಗೆ ಸಮ, ಅಂದರೆ ಮಾವನ 45ಕ್ಕೆ ತೀರ ಹತ್ತಿರ. ಅಂಗಿಯ ಮೇಲೊಂದು ಜಾಕೀಟು ಹಾಕಿದ್ದರೆ ಅದರ ಜೇಬಿನಲ್ಲಿ ಇಡಬಹುದು. ಗಾಜಿನ ಕಿಟಕಿ ಬೇಡವೆಂದಲ್ಲ. ಆ ಕೋಣೆಯಲ್ಲಿ ನನಗೆ ಬೇಕಾಗಿದ್ದದ್ದು ಎರಡು ಮೊಳದ ಈಚೆಗಿನ ಚಿತ್ರ, ಮತ್ತು ಅಷ್ಟು ಹತ್ತಿರದಲ್ಲಿ ಗಾಜಿನ ಕಿಟಕಿ ಯಾವ ಕ್ಯಾಮೆರಾದಲ್ಲಿದ್ದರೂ ಲೆನ್ಸ್ ನೋಡುವುದನ್ನು ನೋಡುವುದಿಲ್ಲ. ಕಿಟಕಿ ಒಂದು ಕಡೆ, ಲೆನ್ಸ್ ಇನ್ನೊಂದು ಕಡೆ ಇರುವುದರಿಂದ ನಾವು ಚೌಕಟ್ಟಿನ ನಡುವೆ ಇಟ್ಟ ಉಗುರು ಚಿತ್ರದಲ್ಲಿ ಮೂಲೆಗೆ ಸರಿದಿರುತ್ತದೆ.

ಮೊದಲ ದಿನವೇ ಆ ಉಗುರಿನ ತಗ್ಗು ಸಿಕ್ಕಿತು ಎಂದು ಬರೆಯಲು ಮನಸ್ಸಾಗುತ್ತದೆ, ಹಾಗೆ ಆಗಲಿಲ್ಲ. ಮೊದಲ ದಿನ ಸಿಕ್ಕಿದ್ದು ಬಾಗಿದ ಸುತ್ತಿಗೆ. ಕೋಣೆಯಲ್ಲಿ ಸದ್ದಾಗಬಾರದೆಂದು ನಾನು ಎಲೆಕ್ಟ್ರಾನಿಕ್ ಶಟರನ್ನು ಆರಿಸಿದ್ದೆ. ಅದರಲ್ಲಿ ಸದ್ದು ಕಿಂಚಿತ್ತೂ ಇಲ್ಲ. ಶಟರಿನ ಪರದೆ ಏಳುವುದಿಲ್ಲ, ಬೀಳುವುದಿಲ್ಲ. ಆದರೆ ಇಂಥ ಬಹುತೇಕ ಸೆನ್ಸರುಗಳು ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಓದುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಒಂದೊಂದಾಗಿ ಓದುತ್ತ ಬರುತ್ತವೆ, ಮತ್ತು ಅಷ್ಟರಲ್ಲಿ ಎದುರಿನ ವಸ್ತು ಸರಿದಿದ್ದರೆ ಅದರ ಆಕಾರವೇ ವಾಲುತ್ತದೆ. ಪರದೆಯ ಮೇಲೆ ಚಿತ್ರವನ್ನು ತೋರಿಸಿದಾಗ ಕಸಬುದಾರರು ಕನ್ನಡಕವನ್ನು ಹಣೆಗೇರಿಸಿ ಹತ್ತಿರದಿಂದ ನೋಡಿ, 'ನನ್ನ ಸುತ್ತಿಗಿ ಹಿಂಗ್ ಸೊಟ್ಟ ಐತೇನ್ರಿ?' ಎಂದು ಕೇಳಿದರು. ಕೇಳಿ, ಕೈಯಲ್ಲಿದ್ದ ಸುತ್ತಿಗೆಯನ್ನು ತಿರುಗಿಸಿ ಅದರ ಹಿಡಿಯನ್ನು ಒಮ್ಮೆ ಕಣ್ಣಳತೆಯಲ್ಲಿ ನೋಡಿಕೊಂಡರು. ನನಗೆ ತುಂಬ ಸಂಕೋಚವಾಯಿತು. ನಲವತ್ತು ವರ್ಷ ಹಿಡಿದ ಉಪಕರಣವನ್ನು ನನ್ನ ಚಿತ್ರದಿಂದಾಗಿ ಅವರು ಸಂಶಯದಿಂದ ನೋಡುವಂತಾಗಬಾರದಿತ್ತು. ಅಂದಿನಿಂದ ಆ ಕೋಣೆಯಲ್ಲಿ ನಾನು ಯಾಂತ್ರಿಕ ಶಟರನ್ನೇ ಬಳಸುತ್ತೇನೆ. ಅದರ ಸದ್ದು ಯಾಷಿಕಾದ ಲೀಫ್ ಶಟರಿನ ಸದ್ದಿಗಿಂತ ಜೋರು, ನಿಜ; ಆದರೆ ನಾಲ್ಕು ಸುತ್ತಿಗೆಗಳ ನಡುವೆ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಮದುವೆಯ ಹಂದರಗಳಲ್ಲಿ ಎಲ್‌ಇಡಿ ದೀಪಗಳ ಕೆಳಗೂ ಸದ್ದಿಲ್ಲದ ಶಟರು ಚಿತ್ರದ ಮೇಲೆ ಅಡ್ಡಪಟ್ಟೆಗಳನ್ನು ಮೂಡಿಸುತ್ತದೆ. ಸದ್ದಿಲ್ಲದಿರುವುದು ಮಿರರ್‌ಲೆಸ್ಸಿನ ದೊಡ್ಡ ಗುಣವೆಂದು ಹೇಳುವವರು ಈ ಎರಡು ಮಾತುಗಳನ್ನೂ ಜೊತೆಗೆ ಹೇಳಬೇಕು.

ಎಲೆಕ್ಟ್ರಾನಿಕ್ ವ್ಯೂಫೈಂಡರಿನ ವಿಷಯದಲ್ಲಿ ನನ್ನ ಮನಸ್ಸು ಬಹಳ ದಿನ ಎರಡಾಗಿತ್ತು. ಬಿದ್ರಿಯ ಮಟ್ಟಿಗೆ ಅದು ನನಗೆ ಕೊಟ್ಟದ್ದನ್ನು ಯಾವ ರೇಂಜ್‌ಫೈಂಡರೂ ಕೊಡಲಾರದು. ಕಪ್ಪು ಪಾತ್ರೆಯ ಕಡೆ ಹಿಡಿದು, ಬೆಳಕಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಮೇಲಿನ ಎಕ್ಸ್‌ಪೋಷರ್ ಚಕ್ರವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ ಹೋದರೆ, ಬೂದಿ ಬಣ್ಣ ಕಪ್ಪಿಗಿಳಿಯುವುದೂ ಬೆಳ್ಳಿಯ ಮಚ್ಚೆ ಮತ್ತೆ ಗೆರೆಯಾಗಿ ಕೂಡಿಕೊಳ್ಳುವುದೂ ಚಿತ್ರ ತೆಗೆಯುವ ಮೊದಲೇ ಕಣ್ಣಿಗೆ ಕಾಣುತ್ತದೆ. ಮಾವ ಎಎಸ್‌ಎ ಚಕ್ರವನ್ನು ತಿರುಗಿಸಿಟ್ಟು, ಹದಿನೈದು ದಿನ ಕಾದು, ನೆಗೆಟಿವ್ ಬಂದ ಮೇಲೆ ತಿಳಿಯುತ್ತಿದ್ದುದು ಇಲ್ಲಿ ಒಂದು ಗಳಿಗೆಯ ಮಾತು.

ಅದೇ ವ್ಯೂಫೈಂಡರು ಅಷ್ಟೂರಿನಲ್ಲಿ ನನ್ನನ್ನು ಬೇರೆ ರೀತಿಯಲ್ಲಿ ಕಾಡಿತು. ಬೀದರಿನ ಪೂರ್ವಕ್ಕೆ ಇರುವ ಅಷ್ಟೂರಿನ ಬಹಮನಿ ಗುಮ್ಮಟಗಳಲ್ಲಿ ಅಹ್ಮದ್ ಶಾ ವಲಿಯ ಸಮಾಧಿಯ ಒಳಗೋಡೆಗಳ ತುಂಬ ಬಣ್ಣದ ಚಿತ್ರಗಳೂ ಬಂಗಾರದ ಅಕ್ಷರಗಳೂ ಇವೆ. ಒಳಗೆ ಹೊಕ್ಕ ಕೂಡಲೇ ಏನೂ ಕಾಣುವುದಿಲ್ಲ. ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಕೆಂಪು ಮೊದಲು ಏಳುತ್ತದೆ, ಆಮೇಲೆ ಬಂಗಾರ, ಎಲ್ಲಕ್ಕೂ ಕಡೆಗೆ ನೀಲಿ. ಅಲ್ಲಿದ್ದ ಒಬ್ಬರು ಅಂದು ಬಾಗಿಲಲ್ಲಿ ನಿಂತು ಕೈಗನ್ನಡಿಯೊಂದರಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ ಗುಮ್ಮಟದ ಒಡಲಿನ ಮೇಲೆ ಮೆಲ್ಲಗೆ ಆಡಿಸಿದರು. ಬೆಳಕು ಹೋದಲ್ಲೆಲ್ಲ ಒಂದೊಂದು ಬಳ್ಳಿ, ಒಂದೊಂದು ಸಾಲು ಅಕ್ಷರ ಎದ್ದು ಮತ್ತೆ ಮುಳುಗುತ್ತಿದ್ದವು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟೆ. ವ್ಯೂಫೈಂಡರು ಇಡೀ ಗುಮ್ಮಟವನ್ನು ಒಮ್ಮೆಲೇ ಬೆಳಗಿಸಿ ತೋರಿಸಿತು. ನನ್ನ ಕಣ್ಣಿಗೆ ಕಾಣದಿದ್ದ ಮೂಲೆಗಳೂ ಅಲ್ಲಿ ಕಾಣುತ್ತಿದ್ದವು, ಸ್ವಲ್ಪ ಕಾಳುಕಾಳಾಗಿ, ಮಧ್ಯಾಹ್ನದಷ್ಟು ಸ್ಪಷ್ಟವಾಗಿ. ಕ್ಯಾಮೆರಾವನ್ನು ಕೆಳಗಿಳಿಸಿದರೆ ಮತ್ತೆ ಕತ್ತಲೆ. ರೇಂಜ್‌ಫೈಂಡರಿನ ಗಾಜಿನ ಕಿಟಕಿ ಎಂದೂ ಹೀಗೆ ಮಾಡುವುದಿಲ್ಲ: ಕತ್ತಲೆ ಇದ್ದರೆ ಕತ್ತಲೆಯನ್ನೇ ತೋರಿಸುತ್ತದೆ. ಅಲ್ಲಿ ಇದ್ದ ಅನುಭವಕ್ಕೂ ನಾನು ತೆಗೆಯಲಿದ್ದ ಚಿತ್ರಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆಂದು ಅನ್ನಿಸಿ ಎಕ್ಸ್‌ಪೋಷರನ್ನು ಮೂರು ಸ್ಟಾಪ್, ಅಂದರೆ ಬೆಳಕಿನ ಎಂಟನೆಯ ಒಂದು ಭಾಗಕ್ಕೆ, ಇಳಿಸಿದೆ, ವ್ಯೂಫೈಂಡರಿನಲ್ಲಿಯೂ ಕತ್ತಲೆ ಮರಳಿತು, ಕನ್ನಡಿಯ ಬೆಳಕಿನ ತುಂಡು ಮಾತ್ರ ಉಳಿಯಿತು. ಆ ಚಿತ್ರ ನನ್ನ ಬಳಿ ಇದೆ. ಮೇಜಿನ ಮೇಲಿನ ಪರದೆಯಲ್ಲಿ ನೋಡಿದವರು ಇದೇಕೆ ಇಷ್ಟು ಕಪ್ಪು ಎನ್ನುತ್ತಾರೆ. ಅಲ್ಲಿ ಹಾಗೆಯೇ ಇತ್ತು.

ಇನ್ನು ಲೆನ್ಸಿನ ಮಾತು. ಮಿರರ್‌ಲೆಸ್ ಮತ್ತು ರೇಂಜ್‌ಫೈಂಡರ್ ನಡುವೆ ಒಂದು ನಿಜವಾದ ರಕ್ತಸಂಬಂಧವಿದೆಯೆಂದರೆ ಅದು ಇಲ್ಲಿಯೇ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಏಳಲು ಜಾಗ ಬಿಡಬೇಕು. ಲೆನ್ಸು ಕೂರುವ ಬಳೆಗೆ ಮೌಂಟ್ ಎನ್ನುತ್ತಾರೆ; ನಿಕಾನ್ ಎಫ್ ಮೌಂಟಿನಲ್ಲಿ ಆ ಅಂತರ 46.5 ಮಿ.ಮೀ. ರೇಂಜ್‌ಫೈಂಡರಿನಲ್ಲಿ ಏಳುವ ಕನ್ನಡಿ ಇಲ್ಲ, ಹಾಗಾಗಿ ಲೈಕಾ ಎಂ ಮೌಂಟಿನಲ್ಲಿ 27.8 ಮಿ.ಮೀ. ಸಾಕಾಗುತ್ತದೆ. ಫ್ಯೂಜಿ ಎಕ್ಸ್ ಮೌಂಟಿನಲ್ಲಿ 17.7. ಇವೆರಡರ ನಡುವೆ ಉಳಿಯುವ ಹತ್ತು ಮಿ.ಮೀ. ಜಾಗದಲ್ಲಿ ಒಂದು ಅಡಾಪ್ಟರ್ ಬಳೆಯನ್ನು ಕೂರಿಸಿದರೆ ಎಪ್ಪತ್ತು ವರ್ಷದ ಹಿಂದಿನ ರೇಂಜ್‌ಫೈಂಡರ್ ಲೆನ್ಸು ಹೊಸ ಸೆನ್ಸರಿನ ಮುಂದೆ ಸರಿಯಾಗಿ ನಿಲ್ಲುತ್ತದೆ. ನನ್ನ ಬಳಿ ಸೋವಿಯತ್ ಕಾಲದ ಒಂದು ಜುಪಿಟರ್-8 ಇದೆ, 50 ಮಿ.ಮೀ., ಎಫ್ 2. ಅದೂ ತನ್ನಷ್ಟಕ್ಕೆ ಒಂದು ಮೀಟರಿಗಿಂತ ಹತ್ತಿರ ಬರುವುದಿಲ್ಲ. ಆದರೆ ಅಡಾಪ್ಟರಿನೊಳಗೇ ತಿರುಪು ಇರುವ ಒಂದು ಬಗೆ ಸಿಗುತ್ತದೆ. ಅದನ್ನು ತಿರುಗಿಸಿದರೆ ಇಡೀ ಲೆನ್ಸು ಇನ್ನೂ ಕೆಲವು ಮಿ.ಮೀ. ಮುಂದಕ್ಕೆ ಬರುತ್ತದೆ, ಮತ್ತು ಫೋಕಸ್ ಅರ್ಧ ಮೀಟರಿನ ಈಚೆಗೆ ಬಂದುಬಿಡುತ್ತದೆ. ರೇಂಜ್‌ಫೈಂಡರಿನ ಮೇಲೆ ಇದನ್ನು ಮಾಡಲಾಗದು, ಏಕೆಂದರೆ ಅಲ್ಲಿ ಲೆನ್ಸಿನ ಹಿಂಬದಿಯನ್ನು ಮುಟ್ಟಿಕೊಂಡಿರುವ ಕೋಲೊಂದು ದೂರದ ಲೆಕ್ಕವನ್ನು ಕಿಟಕಿಗೆ ತಿಳಿಸುತ್ತಿರುತ್ತದೆ. ಆ ಕೋಲಿಗೆ ನಿಲುಕುವ ದೂರ ಮುಗಿದ ಮೇಲೆ ಅಳತೆಯೂ ಮುಗಿಯಿತು. ಮಿರರ್‌ಲೆಸ್ಸಿಗೆ ದೂರ ಬೇಕಿಲ್ಲ, ಬಿಂಬವಿದ್ದರೆ ಸಾಕು.

ಉಗುರಿನ ತಗ್ಗು ಸಿಕ್ಕಿದ್ದು ಹೀಗೆ, ಆ ಹಳೆಯ ಲೆನ್ಸಿನಿಂದ, ಒಂದು ಮೊಳದ ದೂರದಲ್ಲಿ. ಅಲ್ಲಿಯೂ ಒಂದು ಪಾಠ ಕಲಿಯಬೇಕಾಯಿತು. ಚೂಪಾದ ಅಂಚುಗಳ ಮೇಲೆ ಕೆಂಪು ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಎಂಬ ಸೌಲಭ್ಯವನ್ನು ಎಲ್ಲರೂ ಹೊಗಳುತ್ತಾರೆ. ಅದು ವ್ಯತ್ಯಾಸವನ್ನು ಹುಡುಕುತ್ತದೆ, ಮತ್ತು ಕಪ್ಪಿನ ಮೇಲಿನ ಬೆಳ್ಳಿಗಿಂತ ದೊಡ್ಡ ವ್ಯತ್ಯಾಸ ಇನ್ನೆಲ್ಲಿದೆ? ಹಾಗಾಗಿ ಫೋಕಸ್ ಸ್ವಲ್ಪ ಹಿಂದೆಮುಂದಾಗಿದ್ದರೂ ಪಾತ್ರೆಯ ಇಡೀ ಬಳ್ಳಿ ಕೆಂಪಾಗಿ ಹೊತ್ತಿಕೊಳ್ಳುತ್ತದೆ. ಬಿದ್ರಿಯ ಎದುರಿಗೆ ಅದನ್ನು ನಂಬಬಾರದು. ಅದನ್ನು ಆರಿಸಿ, ಚಿತ್ರದ ಒಂದು ಭಾಗವನ್ನು ಹಿಗ್ಗಿಸಿ ನೋಡಿ, ಉಗುರಿನ ಮೇಲಿನ ಉದ್ದುದ್ದ ಗೀರುಗಳು ಎದ್ದು ಕಾಣುವವರೆಗೆ ತಿರುಪನ್ನು ತಿರುಗಿಸಬೇಕು. ನಿಧಾನದ ಕೆಲಸ. ಕಸಬುದಾರರು ಒಂದು ತಂತಿ ಮುಗಿಸಿ ಇನ್ನೊಂದು ತೆಗೆದುಕೊಳ್ಳುವ ಹೊತ್ತಿಗೆ ನಾನು ಒಂದು ಚಿತ್ರ ತೆಗೆದಿರುತ್ತಿದ್ದೆ.

ಹಳೆಯ ಲೆನ್ಸುಗಳೆಲ್ಲ ಹೀಗೆ ಒಗ್ಗಿಕೊಳ್ಳುತ್ತವೆ ಎಂದು ಯಾರೂ ತಿಳಿಯಬಾರದು. ರೇಂಜ್‌ಫೈಂಡರಿಗಾಗಿ ಮಾಡಿದ ಅಗಲ ನೋಟದ ಕೆಲವು ಲೆನ್ಸುಗಳ ಹಿಂಬದಿಯ ಗಾಜು ಫಿಲ್ಮಿಗೆ ತೀರ ಹತ್ತಿರ ಬರುತ್ತಿತ್ತು. ಮೂಲೆಗಳಿಗೆ ಬೆಳಕು ಬಹಳ ಓರೆಯಾಗಿ ಬೀಳುತ್ತಿತ್ತು. ಫಿಲ್ಮಿಗೆ ಅದರಿಂದ ತೊಂದರೆಯಿರಲಿಲ್ಲ. ಸೆನ್ಸರಿನ ಮೇಲೆ ಗಾಜಿನ ಹೊದಿಕೆಯೂ ಸಣ್ಣ ಸಣ್ಣ ಮಸೂರಗಳೂ ಇರುವುದರಿಂದ ಆ ಓರೆ ಬೆಳಕು ಅಲ್ಲಿ ದಾರಿ ತಪ್ಪುತ್ತದೆ. ಸ್ನೇಹಿತರೊಬ್ಬರು ಅಂಥ 15 ಮಿ.ಮೀ. ಲೆನ್ಸೊಂದನ್ನು ಪೂರ್ಣ ಅಳತೆಯ ಮಿರರ್‌ಲೆಸ್ಸಿಗೆ ಹಾಕಿ 1472ರ ಗವಾನ್ ಮದರಸಾದ ಮುಂಭಾಗವನ್ನು ತೆಗೆದಾಗ, ಗೋಡೆಯ ಅಂಚಿನಲ್ಲಿ ಉಳಿದಿರುವ ನೀಲಿ ಹೆಂಚುಗಳು ನೇರಳೆಗೆ ತಿರುಗಿದ್ದವು. ಐದು ಶತಮಾನ ಬಿಸಿಲು ಮಳೆಯಲ್ಲಿ ನಿಂತ ಬಣ್ಣವದು. ಇಂಥ ಲೆನ್ಸುಗಳ ಆಸೆಯಿಂದ ಮಿರರ್‌ಲೆಸ್ ಕೊಳ್ಳುವವರು ಮೊದಲು ಮೂಲೆಗಳನ್ನು ಪರೀಕ್ಷಿಸಿ ನೋಡಲಿ.

ನಾನು ಕಳೆದುಕೊಂಡದ್ದನ್ನೂ ಹೇಳಬೇಕು. ರೇಂಜ್‌ಫೈಂಡರಿನ ಕಿಟಕಿಯೊಳಗೆ ಚಿತ್ರದ ಗಡಿಯನ್ನು ಹೊಳೆಯುವ ಗೆರೆಗಳಿಂದ ಗುರುತಿಸಿರುತ್ತಾರೆ; ಆ ಗೆರೆಗಳ ಆಚೆಗೂ ಲೋಕ ಕಾಣುತ್ತಿರುತ್ತದೆ. ಚೌಬಾರಾದ ಬುಡದಲ್ಲಿ ಹೂವಿನ ಬುಟ್ಟಿ ಹೊತ್ತ ಹೆಂಗಸು ಚೌಕಟ್ಟಿನೊಳಗೆ ಬರುವ ಮೊದಲೇ, ಅವಳು ಗೆರೆಯ ಆಚೆ ಇರುವಾಗಲೇ ಕಂಡಿರುತ್ತಾಳೆ. ನಮ್ಮ ಬೆರಳು ಸಿದ್ಧವಾಗಿರುತ್ತದೆ. ಎಲೆಕ್ಟ್ರಾನಿಕ್ ಕಿಟಕಿಯಲ್ಲಿ ಚೌಕಟ್ಟಿನ ಆಚೆ ಇರುವುದು ಕಪ್ಪು. ಅಲ್ಲಿ ಜನ ಬರುವುದಿಲ್ಲ, ಒಮ್ಮೆಲೇ ಹುಟ್ಟುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ ಎಡಗಣ್ಣನ್ನು ಮುಚ್ಚದಿರುವುದು. ವ್ಯೂಫೈಂಡರ್ ಎಡಮೂಲೆಯಲ್ಲಿರುವುದರಿಂದ ಬಲಗಣ್ಣನ್ನು ಅದಕ್ಕಿಟ್ಟರೆ ಎಡಗಣ್ಣಿನ ಮುಂದೆ ಏನೂ ಅಡ್ಡ ಬರುವುದಿಲ್ಲ. ನೋಟದ ಗಾತ್ರ 0.91ರಷ್ಟಿದ್ದ ಲೈಕಾ ಎಂ3ಯಲ್ಲಿ ಎರಡು ಕಣ್ಣಿನ ನೋಟಗಳೂ ಹೆಚ್ಚುಕಡಿಮೆ ಒಂದಾಗಿ ಬೆರೆಯುತ್ತಿದ್ದವಂತೆ. ನನ್ನದರಲ್ಲಿ ಬಲಗಣ್ಣಿನದು ಸಣ್ಣದು, ಎಡಗಣ್ಣಿನದು ದೊಡ್ಡದು, ಬೆರೆಯುವುದಿಲ್ಲ. ಆದರೂ ಯಾರೋ ಬರುತ್ತಿದ್ದಾರೆ ಎಂಬಷ್ಟನ್ನು ಎಡಗಣ್ಣು ತಿಳಿಸುತ್ತದೆ. ಎದುರಿನವರಿಗೆ ನನ್ನ ಅರ್ಧ ಮುಖ, ಒಂದು ಕಣ್ಣು ಕಾಣುತ್ತಿರುತ್ತದೆ ಎಂಬುದೂ ಮುಖ್ಯ. ಮುಖ ಕಂಡರೆ ಜನ ಮಾತನಾಡುತ್ತಾರೆ.

ನಾನು ಕಳೆದುಕೊಂಡ ಇನ್ನೊಂದು, ದೂರದ ಅರಿವು. ಮಿರರ್‌ಲೆಸ್ ಹಿಡಿದ ಆರು ತಿಂಗಳಲ್ಲಿ ನಾನು ದೂರವನ್ನು ಮರೆತಿದ್ದೆ. ಫೋಕಸನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತಿತ್ತು. ನಾನು ಎರಡು ಮೊಳದಲ್ಲಿದ್ದೇನೋ ಎರಡು ಮಾರಿನಲ್ಲಿದ್ದೇನೋ ನನಗೆ ತಿಳಿಯುತ್ತಿರಲಿಲ್ಲ. ಚಿತ್ರಗಳಲ್ಲಿ ಅದು ಕಾಣುತ್ತಿತ್ತು: ಎಲ್ಲವೂ ಚೂಪಾಗಿದ್ದವು, ಯಾವುದೂ ಯಾರ ಹತ್ತಿರವೂ ನಿಂತು ತೆಗೆದಂತಿರಲಿಲ್ಲ. ಆಮೇಲೆ ಅಷ್ಟೂರಿನ ಜಾತ್ರೆಗೆ, ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಸೇರುವ ಆ ಗದ್ದಲಕ್ಕೆ, ಹೋದಾಗ ಆಟೋಫೋಕಸನ್ನು ನಿಲ್ಲಿಸಿ ಅಪರ್ಚರನ್ನು ಎಫ್ 8ಕ್ಕೂ ಫೋಕಸನ್ನು ಎರಡೂವರೆ ಮೀಟರಿಗೂ ಇಟ್ಟೆ. ಆ 27 ಮಿ.ಮೀ. ಲೆನ್ಸಿನಲ್ಲಿ ಆಗ ಸುಮಾರು 1.6 ಮೀಟರಿನಿಂದ 5.5 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಮಾವನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಮಾರಿನಿಂದ ಮೂರು ಮಾರು. ಅದರೊಳಗೆ ಯಾರು ಬಂದರೂ ಗುಂಡಿ ಒತ್ತಿದರೆ ಸಾಕು, ಕ್ಯಾಮೆರಾ ಏನನ್ನೂ ಹುಡುಕುತ್ತ ನಿಲ್ಲುವುದಿಲ್ಲ. ಫೋಕಸಿನ ಬಳೆ ಯಾಷಿಕಾದಂತೆ ಎರಡು ಕಡೆ ತಡೆದು ನಿಲ್ಲುವುದಿಲ್ಲ, ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ದೂರವನ್ನು ವ್ಯೂಫೈಂಡರಿನ ಕೆಳಗಿನ ಪಟ್ಟಿಯಲ್ಲಿ ಓದಬೇಕು. ಬೆರಳಿಗೆ ಇದು ಒಗ್ಗಲು ಬಹಳ ದಿನ ಹಿಡಿಯಿತು. ಜೇಬಿನಲ್ಲಿ ಎರಡನೆಯ ಬ್ಯಾಟರಿಯೂ ಬೇಕು, ಒಂದರಲ್ಲಿ ಮುನ್ನೂರೈವತ್ತು ಚಿತ್ರಗಳಾದರೆ ಹೆಚ್ಚು.

ಕಳೆದ ತಿಂಗಳು ಅದೇ ಕೋಣೆಯಲ್ಲಿ ಕಡೆಯ ಹಂತದ ಕೆಲಸ ನಡೆದಿತ್ತು. ಕೂರಿಸಿದ ಬೆಳ್ಳಿಯನ್ನು ಉಜ್ಜಿ ಸಮ ಮಾಡಿದ ಮೇಲೆ ಕೆಲಸದ ಹೊತ್ತಿನ ಕಪ್ಪು ಹೋಗಿ ಪಾತ್ರೆ ಬರಿಯ ಬೂದುಬಣ್ಣದ ಲೋಹ. ಬೆಳ್ಳಿ ಯಾವುದು, ಸತು ಯಾವುದು ಎಂದು ತಿಳಿಯುವುದಿಲ್ಲ. ಬೀದರಿನ ಕೋಟೆಯಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ನಾನು ಒಂದು ಮಾರು ದೂರದಲ್ಲಿ, ಎರಡೂ ಕಣ್ಣು ತೆರೆದು, ಕ್ಯಾಮೆರಾ ಹಿಡಿದು ಕೂತಿದ್ದೆ. ಕಸಬುದಾರರು ಮಣ್ಣಿನ ಕೈಯಿಂದ ಹೂದಾನಿಯನ್ನು ಒಮ್ಮೆ ಸುತ್ತಲೂ ಉಜ್ಜಿ, ನೀರು ಸುರಿದು ಎತ್ತಿದರು. ಲೋಹ ಕಪ್ಪಾಗಿತ್ತು, ಬೆಳ್ಳಿಯ ಬಳ್ಳಿ ಬುಡದಿಂದ ಕುತ್ತಿಗೆಯವರೆಗೆ ಬೆಳ್ಳಗೆ ಎದ್ದಿತ್ತು. ಬಲಗಣ್ಣು ಪಾತ್ರೆಯ ಮೇಲಿತ್ತು. ಬಾಗಿಲಲ್ಲಿ ಅವರ ಮೊಮ್ಮಗಳು ಬಂದು ನಿಂತದ್ದನ್ನು ಎಡಗಣ್ಣು ಕಂಡಿತು. ಅವಳು ಎರಡು ಹೆಜ್ಜೆ ಒಳಗೆ ಬಂದು ಅಜ್ಜನ ಭುಜದ ಮೇಲಿಂದ ಬಾಗಿದಾಗ ಗುಂಡಿ ಒತ್ತಿದೆ. ಆಮೇಲೆ ಕ್ಯಾಮೆರಾವನ್ನು ಚಾಪೆಯ ಮೇಲಿಟ್ಟು, ಮೊಣಕೈಯಿಂದ ಬೆರಳ ತುದಿಗೆ ಅಳೆದು ನೋಡಿದೆ: ಹೂದಾನಿಗೆ ನಾಲ್ಕು ಮೊಳ, ಹುಡುಗಿ ನಿಂತಿದ್ದ ಜಾಗಕ್ಕೆ ಐದು.